ಮೂವತ್ತೆಂಟು ಡಿಗ್ರಿಯ ಸ್ನಾನ

೯ ನವೆಂಬರ್ ೧೯೩೬, ಸೋಮವಾರ, ಹುಕ್ಕೇರಿ

ದಾದಾಸಾಹೇಬರ ಮಗನೂ ಇಪ್ಪತ್ತೇಳು ವರ್ಷದವನೂ ಬಿ.ಎ. ಪಾಸಾದವನೂ ಈ ಊರಿನ ಇಂಗ್ಲಿಷ್ ಸಾಲಿಯ ಮಾಸ್ತರನೂ ಆದ ಭರತೇಶನೆಂಬ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ, ಈ ನೋಟುಬುಕ್ಕಿನ ಮುಂದೆ ಕೈಕಟ್ಟಿ ನಿಂತು ಒಪ್ಪಿಕೊಳ್ಳುವುದೇನೆಂದರೆ: ಆರು ವರ್ಷದ ಹಿಂದೆ ಕೊಲ್ಲಾಪುರದ ಕಾಲೇಜಿನ ಪ್ರಯೋಗಶಾಲೆಯಿಂದ ನಾನು ಒಂದು ಥರ್ಮಾಮೀಟರನ್ನು ಕದ್ದಿದ್ದೇನೆ. ಕಿಟಕಿಯ ಹತ್ತಿರದ ಟ್ರೇಯಲ್ಲಿ ಅದು ಒಂಟಿಯಾಗಿ ಮಲಗಿತ್ತು. ನಾನೂ ಆಗ ಇಂಟರ್ ಸಾಯನ್ಸಿನಲ್ಲಿ ಎರಡನೆಯ ಸಲ ನಪಾಸಾಗಿ ಒಂಟಿಯಾಗಿದ್ದೆ. ಇಬ್ಬರೂ ಕೂಡಿ ಹೊರಬಿದ್ದೆವು. ಕದಿಯಬಾರದೆಂಬ ವ್ರತವನ್ನು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ಜೈನರ ಮನೆಯಲ್ಲಿ ಹುಟ್ಟಿ ಇಂಥ ಕೆಲಸ! ಆದರೆ ವಿಜ್ಞಾನ ನನ್ನನ್ನು ಬಿಟ್ಟಿತ್ತೇ ಹೊರತು ನಾನು ವಿಜ್ಞಾನವನ್ನು ಬಿಟ್ಟಿರಲಿಲ್ಲ ಎಂಬುದನ್ನು ಕೋರ್ಟು ಗಮನಿಸಬೇಕು.

ಈ ಹಳೆಯ ಗುನ್ಹೆ ಇಂದು ನೆನಪಾಗಲು ಕಾರಣ, ಮನೆಗೆ ಬಂಬ ಬಂದಿದೆ. ಸಂಕೇಶ್ವರದಲ್ಲಿ ತಾಮ್ರದ ಪಾತ್ರೆ ಬಡಿಯುವ ತಾಂಬಟರ ಅಂಗಡಿಯಿಂದ ಚಕ್ಕಡಿಯಲ್ಲಿ ಹುಲ್ಲು ಹಾಸಿ, ಹೊಸ ಮದುಮಗಳನ್ನು ತಂದಂತೆ ತಂದೆ. ಸೊಂಟದೆತ್ತರದ ತಾಮ್ರದ ಪೀಪಾಯಿ. ನಡುವೆ ಒಂದು ಕೊಳವೆ, ಕೊಳವೆಯಲ್ಲಿ ಇದ್ದಿಲಿನ ಕೆಂಡ, ಸುತ್ತಲೂ ನೀರು, ಕೆಳಗೊಂದು ನಲ್ಲಿ. ಇಷ್ಟು ದಿನ ಅವ್ವ ಬಚ್ಚಲ ಒಲೆಯ ಮೇಲೆ ಹಂಡೆ ಇಟ್ಟು, ಹೊಗೆಯಲ್ಲಿ ಊದಿ ಊದಿ ಕಣ್ಣು ಕೆಡಿಸಿಕೊಂಡಳು. ಗೋಕಾವಿಯ ಡಾಕ್ಟರರು ಇನ್ನು ಹೊಗೆ ಬೇಡವೇ ಬೇಡ ಎಂದಿದ್ದಾರೆ. ಬಂಬ ಹಿತ್ತಿಲಲ್ಲಿ ನಿಲ್ಲುತ್ತದೆ, ಹೊಗೆ ಮುಗಿಲಿಗೆ ಹೋಗುತ್ತದೆ.

ಅವ್ವ (ಹೆಸರು ಜಿನ್ನವ್ವ, ಸ್ವಭಾವವೂ ಅದೇ) ಬಂಬಿನ ಸುತ್ತ ಎರಡು ಸಲ ತಿರುಗಿ, ಇದ್ದಿಲನ್ನೆಲ್ಲ ಒಂದೊಂದಾಗಿ ಕುಟ್ಟಿ, ಒಳಗೆ ಇರುವೆಯಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹೊತ್ತಿಸಗೊಟ್ಟಳು. ಅರ್ಧ ತಾಸಿನಲ್ಲಿ ನೀರು ಗುಂಯ್‌ಗುಟ್ಟಿತು.

“ಭರತೂ, ಹಂಡೇದಾಗ ತಂಬಿಗಿ ಅದ್ದಿದ್ರ ನೀರಿನ ಕಾವು ಕೈಗೆ ತಿಳೀತಿತ್ತು. ಇದರಾಗ ಹ್ಯಾಂಗ ತಿಳಕೊಳ್ಳೂದು?”

“ಅದಕ್ಕ ನನ್ನ ಕಡೆ ಯಂತ್ರ ಐತಿ ಅವ್ವಾ. ನಾ ಇರೂತನಕ ಈ ಮನ್ಯಾಗ ಯಾರಿಗೂ ನೀರು ಸುಡಂಗಿಲ್ಲ.”

ಅಪ್ಪ ಕಟ್ಟೆಯ ಮೇಲೆ ಕೂತು ಬಂಬನ್ನು ನೋಡುತ್ತಿದ್ದರು. ಅಪ್ಪ ನನ್ನ ಜೊತೆ ಮಾತಾಡುವುದು ವರ್ಷಕ್ಕೆ ನಾಲ್ಕೈದು ಸಲ. ಎರಡು ವರ್ಷದಿಂದ ಅವರ ಪಾದಗಳಿಗೆ ಜೋಮು ಹಿಡಿದಿದೆ. ಚಪ್ಪಲಿ ಕಳಚಿ ಹಿಂದೆ ಉಳಿದರೂ ತಿಳಿಯದೆ ಬಸದಿಯ ತನಕ ನಡೆದುಬಿಡುತ್ತಾರೆ.

ನನ್ನ ಹೆಂಡತಿ ಇಂದೂ ಕೂಸನ್ನು ಎತ್ತಿಕೊಂಡು ತವರಿನಿಂದ ಬರುವಷ್ಟರಲ್ಲಿ ಮನೆ ಸಿದ್ಧ. ಆಗಸ್ಟ್‌ನಲ್ಲಿ ಹೆರಿಗೆ, ಸಂಕ್ರಾಂತಿಯ ಮೊದಲು ಬರುವುದೆಂದು ಮಾತಾಗಿದೆ. ಮಗಳ ಮೊದಲ ಬಂಬಸ್ನಾನವನ್ನು ಈ ಪುಟದಲ್ಲಿ ಬರೆಯುವ ಸುಖವನ್ನು ಈಗಲೇ ಅರ್ಧ ಅನುಭವಿಸಿದ್ದೇನೆ.

೧೩ ನವೆಂಬರ್, ಶುಕ್ರವಾರ. ದೀಪಾವಳಿ

ಅಪ್ಪನ ಬಲಗಾಲು ಸುಟ್ಟಿತು.

ಬೆಳಗಿನ ಎಣ್ಣೆಸ್ನಾನ. ಬಂಬಿಗೆ ಚೆಂಡುಹೂವಿನ ಮಾಲೆ ಹಾಕಿದ್ದೆವು. ಬಚ್ಚಲಲ್ಲಿ ಬಕೀಟಿನ ತುಂಬ ಬಿಸಿನೀರು ಇತ್ತು. ತಣ್ಣೀರು ಇನ್ನೂ ಬೆರೆಸಿರಲಿಲ್ಲ. ಬೆರೆಸಿದೆಯೆಂದು ತಿಳಿದು ಅಪ್ಪ ಮಣೆಯ ಮೇಲೆ ಕೂತರು. ಮೊದಲ ತಂಬಿಗೆ ಪಾದಕ್ಕೆ ಹಾಕಿಕೊಳ್ಳುವುದು ಅವರ ಹುಟ್ಟಿದಂದಿನ ರೂಢಿ. ಹಾಕಿಕೊಂಡರು. ಕಾಲಿಗೆ ಏನೂ ತಿಳಿಯಲಿಲ್ಲ. ಎರಡನೆಯದು. ಮೂರನೆಯದರಲ್ಲಿ ನಾಲ್ಕು ಹನಿ ಕೈಮೇಲೆ ಸಿಡಿದಾಗ ಕೂಗಿದರು.

ಅವ್ವ ಓಡಿಬಂದು ಕೊಡಗಟ್ಟಲೆ ತಣ್ಣೀರು ಸುರಿದಳು. ನೆರೆಯ ಗುಡ್ಡಪ್ಪ ಮಸಿ ಹಚ್ಚಿರಿ ಅಂದ, ಮತ್ತೊಬ್ಬರು ಸಗಣಿ ಅಂದರು. ಅವ್ವ ಯಾರನ್ನೂ ಹತ್ತಿರ ಬಿಡದೆ ಸುರಿಯುತ್ತಲೇ ಇದ್ದಳು. ನಂತರ ಬಂದ ಊರಿನ ಡಾಕ್ಟರರು, “ಈ ತಾಯಿ ಮಾಡಿದ್ದ ಖರೆ ಔಷಧ” ಅಂದರು.

ಮುಂದೆ ಬರೆಯಲಾರೆ.

೧೪ ನವೆಂಬರ್

ಬಕೀಟು ತುಂಬಿದವನು ನಾನು. ‘ಬಕೀಟು ಇತ್ತು’ ಎಂದು ನಿನ್ನೆ ಬರೆದಿದ್ದೇನೆ, ಅದು ತಾನಾಗಿಯೇ ಬಂಬಿನ ಹತ್ತಿರದಿಂದ ನಡೆದುಬಂದ ಹಾಗೆ. ತುಂಬಿಟ್ಟು, ಎಲ್ಲರಿಗೂ ತೋರಿಸಬೇಕೆಂದು ಥರ್ಮಾಮೀಟರ್ ತರಲು ಒಳಗೆ ಹೋಗಿದ್ದೆ. ಪಾದರಸದ ಗೀಳಿನಲ್ಲಿ ಪಾದವನ್ನೇ ಸುಟ್ಟೆ.

ಇಂಥ ಹೊತ್ತಿನಲ್ಲೂ ಶ್ಲೇಷ ಹೊಳೆಯುವ ತಲೆಗೆ ಏನೆನ್ನಬೇಕು?

೧೯ ನವೆಂಬರ್, ಗುರುವಾರ

ದೊಡ್ಡ ಗುಳ್ಳೆ ಒಡೆದಿದೆ. ದಿನಕ್ಕೆರಡು ಸಲ ಕಾಲು ತೊಳೆದು ಹೊಸ ಬಟ್ಟೆ ಸುತ್ತಬೇಕು. ಅವ್ವನ ಕಣ್ಣು ಸೂಕ್ಷ್ಮ ಕಾಣುವುದಿಲ್ಲ, ಆದ್ದರಿಂದ ಕೆಲಸ ನನ್ನದು. ಇಪ್ಪತ್ತೇಳು ವರ್ಷದಲ್ಲಿ ಅಪ್ಪನ ಪಾದವನ್ನು ಹಬ್ಬಕ್ಕೆ ಮುಟ್ಟಿ ನಮಸ್ಕರಿಸಿದ್ದೇನೆಯೇ ಹೊರತು ನೋಡಿರಲಿಲ್ಲ. ಹಿಮ್ಮಡಿಯ ತುಂಬ ಕಪ್ಪು ಬಿರುಕುಗಳು, ನಮ್ಮ ಎರಿ ಹೊಲದ ಬೇಸಗೆ.

ಇಂದು ಬಟ್ಟೆ ಸುತ್ತುವಾಗ ಅಪ್ಪ ಬಾಯಿಬಿಟ್ಟರು: “ಬಂಬ ಚೊಲೋ ಐತಿ ತಮ್ಮಾ. ನೀರು ಕಾಸೂದು ಅದರ ಕೆಲಸ, ಕಾಸ್ತು. ಸುಡಾಕತ್ತೈತಿ ಅಂತ ಹೇಳೂದು ಕಾಲಿನ ಕೆಲಸ, ಅದು ಹೇಳ್ಲಿಲ್ಲ. ಇದರಾಗ ನಿಂದೇನ ತಪ್ಪು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಂಬಿಗೆ ಅವ್ವ ಗೋಣಿಚೀಲ ಹೊದಿಸಿದ್ದಾಳೆ. ಮತ್ತೆ ಹಂಡೆ, ಮತ್ತೆ ಹೊಗೆ. ಸಂಜೆಯ ಹೊತ್ತಿಗೆ ಅವಳ ಕಣ್ಣು ಕುಂಕುಮವಾಗಿರುತ್ತದೆ.

ಕೌಜಲಗಿಯಿಂದ ಇಂದೂನ ಕಾರ್ಡು ಬಂತು. ‘ಮಾವನವರ ಸುದ್ದಿ ಕೇಳಿ ಎದೆ ಒಡೆಯಿತು. ನೀವು ಒಮ್ಮೆ ಬಂದು ಹೋಗಬೇಕು.’ ಎರಡೇ ಸಾಲು. ಅವಳು ಕಾರ್ಡಿನ ಅಂಚಿನಲ್ಲೂ ಬರೆಯುವವಳು. ಎರಡೇ ಸಾಲೆಂದರೆ ಹವೆ ಸರಿಯಿಲ್ಲ.

೨೨ ನವೆಂಬರ್, ರವಿವಾರ. ಕೌಜಲಗಿ

ಗೋಕಾವಿಯ ತನಕ ಒಂದು ಮೋಟಾರು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ಭಾಷಣ ತಯಾರಿಸಿಕೊಂಡು ಬಂದೆ.

“ಬರ್ರಿ ಅಳಿಯಂದ್ರ,” ಎಂದರು ಅತ್ತೆ ತಾರಾಬಾಯಿ. “ಬೀಗರ ಕಾಲು ಹ್ಯಾಂಗೈತ್ರಿ? ಬಂಬ ಹ್ಯಾಂಗೈತ್ರಿ?” ಎರಡನೆಯ ಪ್ರಶ್ನೆಯಲ್ಲಿ ಉಪ್ಪು ಸ್ವಲ್ಪ ಹೆಚ್ಚಾಗಿತ್ತು.

ನಾನು ಉಷ್ಣತೆಯ ಕುರಿತು ಭಾಷಣ ಸುರುಮಾಡಿದೆ. ಮನುಷ್ಯನ ಮೈ ಮೂವತ್ತೇಳು ಡಿಗ್ರಿ, ಸ್ನಾನದ ನೀರು ಮೂವತ್ತೆಂಟು, ಎಪ್ಪತ್ತಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಚರ್ಮ ಸುಡುತ್ತದೆ, ಬಂಬಿನ ನಲ್ಲಿಯಲ್ಲಿ ಬರುವುದು ಎಂಬತ್ತರ ಮೇಲೆ—

ಇಂದೂ ನಡುವೆಯೇ ಕೂಸಿನ ಕಾಲನ್ನು ನನ್ನ ಅಂಗೈಮೇಲಿಟ್ಟಳು. ನನ್ನ ಹೆಬ್ಬೆರಳಿನಷ್ಟಿದೆ. ಐದು ಬೆರಳೂ ಇವೆ. ಎಣಿಸಿದೆ.

“ಮಾವನವರಿಗೆ ಮೂರು ತಂಬಿಗಿ ಹಿಡೀತು. ಇದಕ್ಕ ಎಷ್ಟು ತಂಬಿಗಿ ಬೇಕ್ರಿ?”

ಭಾಷಣ ಮುಗಿಯಿತು.

“ನಾ ಬಂಬ ಬ್ಯಾಡ ಅನ್ನಂಗಿಲ್ಲ,” ಎಂದಳು. “ಅತ್ತಿ ಕಣ್ಣು ಉಳೀಬೇಕು, ಹೊಗಿ ಹೋಗಬೇಕು. ಆದ್ರ ಬರೇ ಬಿಸಿನೀರಿನ ಬಕೀಟು ಒಂದು ಕ್ಷಣ ಸೈತ ಬಚ್ಚಲದಾಗ ನಿಲ್ಲಬಾರದು. ಇವತ್ತ ನೀವು ಒಳಗ ಹೋಗಿದ್ರಿ, ನಾಳೆ ನಾ ಹೋಗತೇನಿ, ಇದು ಅಂಬೆಗಾಲು ಇಟಗೋತ ಬರತೈತಿ. ಅದು ಬಗೀಹರಿಯೂತನಕ ನಾ ಬರಂಗಿಲ್ಲ. ಸಂಕ್ರಾಂತಿ ಹೋದ್ರ ಹೋಗ್ಲಿ.”

ಮೋಟಾರಿನಲ್ಲಿ ತಿರುಗಿ ಬರುವಾಗ ಅಂಗೈ ನೋಡಿಕೊಳ್ಳುತ್ತ ಬಂದೆ. ಬಾಜೂದವನು ಭವಿಷ್ಯ ನೋಡಿಕೊಳ್ಳುತ್ತಿದ್ದೇನೆಂದು ತಿಳಿದು ತನ್ನ ಕೈಯನ್ನೂ ಚಾಚಿದ.

೨೫ ನವೆಂಬರ್, ಬುಧವಾರ

ಉಪಾಯ ಎಷ್ಟು ಸುಲಭ! ಬಕೀಟಿಗೆ ಮೊದಲು ತಣ್ಣೀರು ಹಾಕಿ, ನಂತರ ಬಿಸಿನೀರು ಬೆರೆಸಿದರೆ ಯಾವ ಕ್ಷಣದಲ್ಲೂ ಅದು ಸುಡುವ ಬಕೀಟಾಗುವುದೇ ಇಲ್ಲ. ಅವ್ವನಿಗೆ ಹೇಳಿದೆ.

ಅವ್ವ ಕಿವಿಗೆ ಕೈ ಹಚ್ಚಿದಳು. “ತಣ್ಣೀರಿಗೆ ಬಿಸಿನೀರು? ಹೆಣಕ್ಕ ಹಾಕೂ ನೀರು ಹಂಗ ಬೆರಸ್ತಾರ! ಜೀವಂತ ಇದ್ದವರಿಗೆ ಮೊದಲ ಬಿಸಿ, ಆಮ್ಯಾಲ ತಣ್ಣೀರು. ನಿಮ್ಮಪ್ಪ ಹಾಸಿಗ್ಯಾಗ ಅದಾನ, ಮನೀಗೆ ಎಳೀ ಕೂಸು ಬರೂದೈತಿ. ಎಂಥಾ ಮಾತು ತಗದಿ!”

“ಅವ್ವಾ, ನೀರಿಗೆ ಯಾವುದು ಮೊದಲ ಬಿತ್ತು ಅಂತ ಗೊತ್ತಿರತೈತೇನು?”

“ನೀರಿಗೆ ಗೊತ್ತಿರಲಿಕ್ಕಿಲ್ಲ. ನನಗ ಗೊತ್ತಿರತೈತಿ.”

ಕಾಲೇಜಿನಲ್ಲಿ ಕಲಿತ ತರ್ಕಶಾಸ್ತ್ರವನ್ನೆಲ್ಲ ಸುರಿದೆ. ಅವ್ವ ಅಳತೊಡಗಿದಳು. ಹೊಗೆಯಿಂದಲೇ ಕೆಂಪಾದ ಕಣ್ಣು. ನಾನು ನಿಲ್ಲಿಸಿದೆ. ಗೋಣಿಚೀಲದೊಳಗೆ ಬಂಬ, ಕೌಜಲಗಿಯಲ್ಲಿ ಮಗಳು, ನಡುವೆ ಒಂದು ಬಕೀಟು.

೨ ಡಿಸೆಂಬರ್, ಬುಧವಾರ

ಯಲ್ಲಕ್ಕನಿಗೆ ನನ್ನ ನಮಸ್ಕಾರ.

ಯಲ್ಲಕ್ಕನೆಂದರೆ ಊರಿನ ಅರ್ಧ ಮಂದಿಗೆ ಮೊದಲ ಸ್ನಾನ ಮಾಡಿಸಿದವಳು. ನನ್ನನ್ನೂ ಕಾಲಮೇಲೆ ಹಾಕಿಕೊಂಡು ಎರೆದಿದ್ದಾಳೆ, ಆ ಸಲುಗೆ ಇನ್ನೂ ಬಿಟ್ಟಿಲ್ಲ. ನಮ್ಮ ಕೂಸಿಗೂ ಅವಳೇ ಎರೆಯುವವಳು. ಇಂದು ಬಂದು ಕೂತು, ಎಲೆಅಡಿಕೆ ಜಗಿಯುತ್ತ ತಾಯಿಮಗನ ತಗಾದೆಯನ್ನು ಪೂರಾ ಕೇಳಿ, ನನ್ನನ್ನು ನೋಡಿದಳು.

“ಮಾಸ್ತರ, ಇಷ್ಟ ಓದೀರಿ, ಇಷ್ಟ ತಿಳೀಲಿಲ್ಲ? ಜಿನ್ನವ್ವಕ್ಕಾ, ಮೊದಲ ಬಿಸಿನೀರು ಬೀಳಬೇಕು, ಹೌದಿಲ್ಲೋ?”

“ಹೌದ.”

“ಎಷ್ಟು ಬೀಳಬೇಕು ಅಂತ ಯಾರರ ಹೇಳ್ಯಾರೇನು?”

“ಅದನ್ನ ಯಾರೂ ಹೇಳಿಲ್ಲ.”

ಯಲ್ಲಕ್ಕ ಅಡಿಗೆಮನೆಗೆ ಹೋಗಿ ತುಪ್ಪ ಬಡಿಸುವ ಪುಟ್ಟ ಮಿಳ್ಳೆಯನ್ನು ತಂದಳು. “ಇದರ ತುಂಬ ಬಿಸಿನೀರು ಮೊದಲ ಹಾಕ್ರಿ. ಶಾಸ್ತ್ರ ಮುಗೀತು. ಮ್ಯಾಲ ಅರ್ಧ ಬಕೀಟು ತಣ್ಣೀರು. ಅದರ ಮ್ಯಾಲ ಬೇಕಾದಷ್ಟು ಬಿಸಿ. ಈಗ ಯಾವ ಹೆಣ ಎದ್ದು ಬಂದು ಕೇಳತೈತಿ ಕೇಳ್ಲಿ.”

ಅವ್ವ ಮಿಳ್ಳೆಯನ್ನು ತಿರುಗಿಸಿ ನೋಡಿದಳು. ನಂತರ ಎದ್ದು ಬಂಬಿನ ಮೇಲಿನ ಗೋಣಿಚೀಲ ತೆಗೆದಳು.

ಮಿಳ್ಳೆಯನ್ನು ಬಂಬಿನ ಕಿವಿಗೆ ದಾರದಿಂದ ಕಟ್ಟಿದ್ದೇವೆ. ನಾನೂ ಒಂದು ಕಾಯಿದೆ ಸೇರಿಸಿದೆ: ಬೆರೆಸುವುದೆಲ್ಲ ಹಿತ್ತಿಲಲ್ಲಿ, ಬಂಬಿನ ಹತ್ತಿರವೇ. ಬೆರೆಸಿದವರು ಬಿಟ್ಟು ಕದಲಬಾರದು. ನಾನು ಥರ್ಮಾಮೀಟರ್ ಇಳಿಬಿಟ್ಟು ‘ಮೂವತ್ತೆಂಟು’ ಎಂದು ಕೂಗಿದ ಮೇಲೆಯೇ ಬಕೀಟು ಬಚ್ಚಲಿಗೆ. ಕೆಂಡವೂ ಇಷ್ಟೇ: ಎರಡು ಹಿಡಿ ಇದ್ದಿಲು. ಗುಂಯ್ ಎಂಬ ಸದ್ದು ಬಂತೋ, ಮೇಲೆ ಮುಚ್ಚಳ.

ಇಂದು ಮೊದಲ ಬಾರಿಗೆ ಕರಾರುವಾಕ್ಕಾಗಿ ಮೂವತ್ತೆಂಟು ಡಿಗ್ರಿಯಲ್ಲಿ ಸ್ನಾನ ಮಾಡಿದೆ. ಮೈಯೆಲ್ಲ ಗಜ್ಜರಿಯಂತೆ ಕೆಂಪಗಾಯಿತು. ರಕ್ತ ಸಂಚಾರಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

೧೩ ಡಿಸೆಂಬರ್, ರವಿವಾರ

ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ. ಡಾಕ್ಟರರು ತಲೆದೂಗಿದರು. ಅವರು ಹೋದ ಮೇಲೆ ನಾನು ಬಸದಿಗೆ ಹೋಗಿ ಬಂದೆ. ಹೋಗಬೇಕೆಂದು ಯಾರೂ ಹೇಳಿರಲಿಲ್ಲ.

ಕಾಲು ತೊಳೆಯುವ ಅರ್ಧ ತಾಸು ಅಪ್ಪ ಈಗ ಮಾತಾಡುತ್ತಾರೆ. ಹಿರಣ್ಯಕೇಶಿಯ ಮಡುವಿನಲ್ಲಿ ಚಳಿಗಾಲದ ಬೆಳಗಿನಲ್ಲಿ ಈಸಿದ್ದು, ನಾನು ಹುಟ್ಟಿದ ದಿನ ಸಂಕೇಶ್ವರದ ಸಂತೆಯಿಂದ ಬೆಲ್ಲ ತರಲು ಹೋಗಿ ಬೆಲ್ಲ ಮರೆತು ಬಂದಿದ್ದು. “ಎರಡನೇ ಸಲ ಹೋದ್ನಿ. ಕಾಲು ನಡಕೋತ. ಆಗ ಇವು ನನ್ನ ಮಾತು ಕೇಳ್ತಿದ್ದುವು.” ಇಂದು ಬಟ್ಟೆ ಸುತ್ತಿಯಾದ ಮೇಲೂ ನಾನು ಕೂತೇ ಇದ್ದೆ.

ಅಪ್ಪನ ಸ್ನಾನದ ಬಕೀಟು ಎತ್ತಲು ಅವ್ವ ನನಗೆ ಬಿಡುವುದೇ ಇಲ್ಲ. ನಾನು ‘ಮೂವತ್ತೆಂಟು’ ಎಂದೊಡನೆ, “ನೀ ಸರಿ, ಅವರ ನೀರು ನಾ ಒಯ್ತೇನಿ,” ಎಂದು ಕಸಿದುಕೊಂಡು ಹೋಗುತ್ತಾಳೆ. ಇಷ್ಟು ವರ್ಷದ ಮೇಲೂ ಗಂಡನ ಮೇಲೆ ಎಂಥ ಭಕ್ತಿ! ನಾನು ಕೂಗುವಾಗ ಅಪ್ಪ ಕಟ್ಟೆಯ ಮೇಲಿಂದ ನೋಡಿ ಮೀಸೆಯಲ್ಲಿ ನಗುತ್ತಾರೆ.

ನನ್ನ ಬೆನ್ನಿನ ಕೆಂಪು ಈಗ ಮಧ್ಯಾಹ್ನದವರೆಗೂ ಉಳಿಯುತ್ತದೆ. ತೇಜಸ್ಸು.

೨೭ ಡಿಸೆಂಬರ್, ರವಿವಾರ

ಅಪ್ಪ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರು. ಐದನೆಯದಕ್ಕೆ ನನ್ನ ಭುಜ ಹಿಡಿದರು. ಅವ್ವ ಪಾಯಸ ಮಾಡಿದಳು.

ಇಂದೂಗೆ ಬರೆದೆ. ಮಿಳ್ಳೆ, ತಣ್ಣೀರು, ಕಾಯಿದೆ, ಎಲ್ಲ ವಿವರವಾಗಿ.

೮ ಜನವರಿ ೧೯೩೭, ಶುಕ್ರವಾರ

ಬಂದರು!

ಇಂದೂ ಚಕ್ಕಡಿಯಿಂದ ಇಳಿದವಳೇ ಕೂಸನ್ನು ಅಪ್ಪನ ತೊಡೆಯ ಮೇಲೆ ಹಾಕಿ, ಅವರ ಬಲಗಾಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಸೀದಾ ಹಿತ್ತಿಲಿಗೆ. ಬಂಬಿನ ಕಿವಿಯಲ್ಲಿ ತೂಗುವ ಮಿಳ್ಳೆ ನೋಡಿ ಕೂತು ನಕ್ಕಳು. “ಇದನ್ನ ಹುಡುಕಿದವರು ಯಾರ್ರಿ? ನೀವಂತೂ ಅಲ್ಲ.”

ಕೂಸಿನ ನೀರು ಬೆರೆಸಿದೆ. ಮಿಳ್ಳೆ, ತಣ್ಣೀರು, ಬಿಸಿನೀರು. ಥರ್ಮಾಮೀಟರ್ ಇಳಿಬಿಟ್ಟೆ. “ಮೂವತ್ತೆಂಟು!” ಯಲ್ಲಕ್ಕ ಬಕೀಟು ಒಯ್ದು ಬಚ್ಚಲ ಕದ ಹಾಕಿಕೊಂಡಳು. ಒಳಗಿನಿಂದ ತಂಬಿಗೆಯ ಸದ್ದು, ಆಮೇಲೆ ಕೂಸಿನ ಕೇಕೆ. ಅಳುವಲ್ಲ, ಕೇಕೆ. ಹೊರಗೆ ಅಪ್ಪ ನಾನು ಇಬ್ಬರೂ ಕದಕ್ಕೆ ಕಿವಿಗೊಟ್ಟು ನಿಂತಿದ್ದೆವು.

ಯಾರ ಯಾರಿಗೆ ಕೃತಜ್ಞತೆ ಹೇಳಬೇಕೆಂದು ಪಟ್ಟಿ ಮಾಡಲು ಹೋದೆ. ಅವ್ವನ ಕೊಡ, ಯಲ್ಲಕ್ಕನ ಮಿಳ್ಳೆ, ಇಂದೂನ ಹಟ, ಬೈಯದ ಅಪ್ಪ. ಪುಟ ಸಾಲುವುದಿಲ್ಲ. ಬಿಟ್ಟೆ.

೧೨ ಜನವರಿ, ಮಂಗಳವಾರ

ಕದ್ದ ಥರ್ಮಾಮೀಟರನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಕೊಲ್ಲಾಪುರಕ್ಕೆ ಟಪಾಲಿನಲ್ಲಿ ಕಳಿಸಿಬಿಟ್ಟೆ. ಮಗಳನ್ನು ಎತ್ತಿಕೊಂಡ ಕೈಯಲ್ಲಿ ಕಳವಿನ ಮಾಲು ಹಿಡಿಯಲು ಮನಸ್ಸಾಗಲಿಲ್ಲ. ಬಕೀಟಿನಲ್ಲಿ ಬಂಬಿನ ಬಿಸಿನೀರು ಎಲ್ಲಿಯವರೆಗೆ ಬರಬೇಕೆಂದು ಗೆರೆ ಕೊರೆದಿದ್ದೇನೆ, ಇನ್ನು ಅಷ್ಟು ಸಾಕು.

ಜೊತೆಗೆ ಪ್ರಯೋಗಶಾಲೆಯ ಮೇಲ್ವಿಚಾರಕ ರಾವಸಾಹೇಬರಿಗೆ ತಪ್ಪೊಪ್ಪಿಗೆಯ ದೀರ್ಘ ಪತ್ರ, ಮತ್ತು ನಾನು ದಿನಾಲು ಗುರುತು ಹಾಕಿದ ನಲವತ್ತು ದಿನಗಳ ಉಷ್ಣತೆಯ ತಖ್ತೆ. ನಲವತ್ತು ದಿನವೂ ಮೂವತ್ತೆಂಟು! ಇಂಟರ್ ಸಾಯನ್ಸಿನಲ್ಲಿ ನಪಾಸಾದವನು ಒಂದು ಮನೆಯನ್ನು ಕರಾರುವಾಕ್ಕಾದ ಉಷ್ಣತೆಯಲ್ಲಿ ಕಾಪಾಡಿದನೆಂದು ಅವರೂ ತಿಳಿಯಲಿ. ‘ಮಾನವ ಚರ್ಮಕ್ಕಿಂತ ಪಾದರಸವೇ ನಂಬಲರ್ಹ’ ಎಂದು ಮುಗಿಸಿದ್ದೇನೆ.

೨೩ ಜನವರಿ, ಶನಿವಾರ

ರಾವಸಾಹೇಬರ ಉತ್ತರ ಬಂದಿದೆ. ಮರಾಠಿಯಲ್ಲಿ, ಬಹಳ ಪ್ರೀತಿಯಿಂದ. ಸಾರಾಂಶ ಹೀಗೆ:

ಆ ಥರ್ಮಾಮೀಟರ್ ತಮಗೆ ಚೆನ್ನಾಗಿ ನೆನಪಿದೆ. ಕೆಳಗೆ ಬಿದ್ದು ಪಾದರಸದ ಎಳೆ ಕಡಿದು, ಇದ್ದುದಕ್ಕಿಂತ ಏಳು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಬಿಸಾಡಲೆಂದೇ ಕಿಟಕಿಯ ಟ್ರೇಯಲ್ಲಿ ಇಟ್ಟಿದ್ದರಂತೆ. ಮರುದಿನ ಕಾಣದಾದಾಗ ಕಸದವನು ಒಯ್ದನೆಂದು ತಿಳಿದರಂತೆ. ತಖ್ತೆಯನ್ನು ಪ್ರೊಫೆಸರರಿಗೂ ತೋರಿಸಿದ್ದಾರೆ. ಅವರು ಕೂಡಲೇ ಕೇಳಿದ ಪ್ರಶ್ನೆ: ‘ಮನೆಯಲ್ಲಿ ಎಲ್ಲರೂ ಕ್ಷೇಮವೇ?’

ಮೂವತ್ತೆಂಟಕ್ಕೆ ಏಳು ಕೂಡಿಸಿದೆ. ಮತ್ತೊಮ್ಮೆ ಕೂಡಿಸಿದೆ. ನಲವತ್ತೈದು. ಕಾಗದ ಹಿಡಿದು ಹಿತ್ತಿಲಿಗೆ ಓಡಿದೆ. ಇಂದೂ, ಅವ್ವ, ಯಲ್ಲಕ್ಕ ಮೂವರೂ ಅಲ್ಲೇ ಕೂಸಿಗೆ ಎಣ್ಣೆ ತೀಡುತ್ತಿದ್ದರು. ಕೂಸಿನ ಮೈ ಬೆಣ್ಣೆಯ ಹಾಗಿತ್ತು. ಕಾಗದದಲ್ಲಿದ್ದುದನ್ನು ಒಂದೇ ಉಸಿರಿನಲ್ಲಿ ಹೇಳಿದೆ.

“ನಿಮ್ಮ ನೀರು ಹಂಗ ಕೂಸಿಗೆ ಹಾಕೂದುಂಟ?” ಯಲ್ಲಕ್ಕ ಮೊಳಕೈ ತೋರಿಸಿದಳು. “ಇದನ್ನ ಅದ್ದಿ ನೋಡತೇನಿ. ಅಂಗೈ ರೊಟ್ಟಿ ಬಡದು ಬಡದು ಸತ್ತೈತಿ, ಅದನ್ನ ನಂಬಾಂಗಿಲ್ಲ. ಮೊಳಕೈ ಚುರ್ ಅಂದ್ರ ಎರಡ ತಂಬಿಗಿ ತಣ್ಣೀರು. ನಿಮ್ಮ ನೀರಿಗೆ ದಿನಾ ಚುರ್ ಅಂದೈತಿ.”

“ಅಪ್ಪನ ಬಕೀಟು?”

“ನಾ ಯಾಕ ಕಸಗೊಂಡು ಹೋಗ್ತಿದ್ನಿ?” ಎಂದಳು ಅವ್ವ. ನಾನು ಭಕ್ತಿಯೆಂದು ಬರೆದಿದ್ದೆ.

“ಮತ್ತ ನನಗ ಯಾಕ ಹೇಳ್ಲಿಲ್ಲ?”

ಅವ್ವ ಕಟ್ಟೆಯ ಕಡೆ ನೋಡಿದಳು. “ನೀ ಆ ಕಾಜಿನ ಕಡ್ಡಿ ಹಿಡದು ಕೂಗಿದಾಗ ನಿಮ್ಮಪ್ಪ ನಗತಿದ್ದ. ಕಾಲು ಸುಟ್ಟ ಮ್ಯಾಲ ಅಂವ ನಗತಿದ್ದದ್ದ ಅದೊಂದ ಹೊತ್ತಿಗೆ. ಅದನ್ನ ಯಾಕ ಕೆಡಸೂದು ಅಂತ ಸುಮ್ಮನಾದ್ವಿ.”

ಕೂಸಿನ ಕಾಲು ಹಿಡಿದುಕೊಂಡು ಅಲ್ಲೇ ಕೂತೆ.

ಆಗ ಇಂದೂಗೆ ಏನೋ ಹೊಳೆಯಿತು. “ಅಲ್ರಿ, ನಿಮ್ಮ ಬಕೀಟಿಗೆ ನಾವು ಯಾರೂ ತಣ್ಣೀರು ಹಾಕಿಲ್ಲ. ನೀವ ಬೆರಸ್ತಿದ್ರಿ, ನೀವ ಹಾಕೋತಿದ್ರಿ. ಸುಡತಿದ್ರ ನೀವ ಹೇಳ್ತೀರಿ ಅಂತ ಮಾಡಿದ್ವಿ.”

ನಾನು ದೊಡ್ಡ ದನಿಯಲ್ಲಿ, ರೂಢಿಯಾದವರಿಗೆ ನಲವತ್ತೈದು ಏನೂ ಅಲ್ಲ ಎಂದೆ. ಅವಳು ನನ್ನ ಅಂಗಿ ಎತ್ತಿ ಬೆನ್ನು ನೋಡಿ, ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದಳು. ಅಪ್ಪ ಕಟ್ಟೆಯಿಂದ ನೋಡುತ್ತಿದ್ದರು. ಈ ಸಲ ಮೀಸೆಯೊಳಗಲ್ಲ, ಬಾಯಿತುಂಬ ನಕ್ಕರು.

ಈಗ ಬೋರಲಾಗಿ ಮಲಗಿ ಇದನ್ನು ಬರೆಯುತ್ತಿದ್ದೇನೆ. ಅವರಾರಿಗೂ ಹೇಳದ್ದನ್ನು ಈ ನೋಟುಬುಕ್ಕಿಗಾದರೂ ಹೇಳಬೇಕು: ಮೊದಲ ದಿನದಿಂದಲೂ ಸುಡುತ್ತಿತ್ತು. ಹಲ್ಲು ಕಚ್ಚಿಕೊಂಡು, ಮೂವತ್ತೆಂಟು ಡಿಗ್ರಿ ಸುಡುವುದು ಹೇಗೆ ಸಾಧ್ಯ ಎಂದು ನನ್ನ ಬೆನ್ನಿಗೇ ದಿನಾಲು ಬುದ್ಧಿ ಹೇಳುತ್ತಿದ್ದೆ.